ಪ್ರಾಂತ ಬದಲಾದ ಬಂದರು

ಕರ್ನಾಟಕದ ಭೂಪಟವನ್ನು ಎದುರಿಗೆ ಹರಡಿಕೊಂಡು ಅದರ ಪಶ್ಚಿಮದ ಅಂಚನ್ನು ನೋಡಿರಿ. ಕಾಳಿ ನದಿಯು ಸಮುದ್ರವನ್ನು ಸೇರುವಲ್ಲಿ ಉತ್ತರದ ದಡದ ಮೇಲೆ ಸದಾಶಿವಗಡದ ಗುಡ್ಡವಿದೆ. ದಕ್ಷಿಣದ ದಡದ ಮೇಲೆ ಕಾರವಾರವಿದೆ. ಅಲ್ಲಿಂದ ಸುಮಾರು 35 ಕಿಲೋಮೀಟರು ದಕ್ಷಿಣಕ್ಕೆ ಸಾಗಿದರೆ ಅಂಕೋಲೆ. ಎರಡೂ ಊರುಗಳ ನಡುವೆ ಗುಡ್ಡಗಳು ಸಮುದ್ರದವರೆಗೆ ಚಾಚಿಕೊಂಡಿವೆ. ಕಾರವಾರದ ಮುಂದೆ ಕೂರ್ಮಗಡ, ದೇವಗಡ, ಅಂಜದೀವ ಎಂಬ ದ್ವೀಪಗಳು ಕಾವಲು ನಿಂತಂತೆ ತೋರುತ್ತವೆ. ಈ ಗುಡ್ಡ ಮತ್ತು ದ್ವೀಪಗಳ ಆಶ್ರಯದಿಂದಾಗಿ ಕಾರವಾರದ ಕೊಲ್ಲಿಯು ನಮ್ಮ ನಾಡಿನ ಉತ್ತಮ ನೈಸರ್ಗಿಕ ಬಂದರುಗಳಲ್ಲಿ ಒಂದೆನಿಸಿದೆ. ಇಷ್ಟು ಒಳ್ಳೆಯ ಬಂದರು ಏಕೆ ದೊಡ್ಡದಾಗಲಿಲ್ಲ ಎಂಬ ಪ್ರಶ್ನೆಯನ್ನು ಆ ಊರಿನ ಮೂರು ತಲೆಮಾರಿನವರು ಕೇಳುತ್ತ ಬಂದಿದ್ದಾರೆ. ಅದಕ್ಕೆ ಉತ್ತರವನ್ನು ಸಮುದ್ರದಲ್ಲಿ ಹುಡುಕಿದರೆ ಸಾಲದು. ಭೂಪಟದ ಮೇಲೆ ಎಳೆದ ಗೆರೆಗಳಲ್ಲಿಯೂ ಹುಡುಕಬೇಕು.

ಒಂದು ಪ್ರದೇಶವು ತಾನು ಸೇರಿಕೊಂಡಿದ್ದ ದೊಡ್ಡ ಕೂಟವನ್ನು ಬಿಟ್ಟು ಹೊರಬಂದರೆ ಅದರ ವ್ಯಾಪಾರ, ಉದ್ಯೋಗ, ವಿದ್ಯೆ, ಯಂತ್ರಜ್ಞಾನ ಇವುಗಳಿಗೆ ಏನಾಗುತ್ತದೆ? ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಜಗತ್ತು ಬ್ರಿಟನ್ನಿನ ಕಡೆ ನೋಡಿ ಕೇಳಿತು. 1973ರಲ್ಲಿ ಯೂರೋಪಿನ ಆರ್ಥಿಕ ಒಕ್ಕೂಟವನ್ನು ಸೇರಿದ್ದ ಆ ದೇಶವು 2016ರ ಜೂನ್ ತಿಂಗಳಲ್ಲಿ ಜನಮತವನ್ನು ಪಡೆದು, 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದಿತು. ಮರುವರ್ಷದಿಂದ ಕಾಲುವೆಯ ಆಚೆಗೆ ಹೋಗುವ ಸರಕಿಗೆಲ್ಲ ಸುಂಕದ ಕಾಗದಪತ್ರಗಳು ಬೇಕಾದವು. ಉಪಗ್ರಹಗಳ ನೆರವಿನಿಂದ ದಿಕ್ಕು ತೋರಿಸುವ ಗೆಲಿಲಿಯೋ ಎಂಬ ವ್ಯವಸ್ಥೆಯನ್ನು ಕಟ್ಟುವಾಗ ಬ್ರಿಟನ್ನಿನ ತಂತ್ರಜ್ಞರೂ ದುಡಿದಿದ್ದರು. ಹೊರಬಂದ ಮೇಲೆ ಅದರ ರಕ್ಷಣಾ ವಿಭಾಗದಲ್ಲಿ ಅವರಿಗೆ ಸ್ಥಾನವಿಲ್ಲದಾಯಿತು. ಒಕ್ಕೂಟದ ವೈಜ್ಞಾನಿಕ ಸಂಶೋಧನಾ ಯೋಜನೆಗೆ ಮರಳಿ ಸೇರಲು 2024ರವರೆಗೆ ಕಾಯಬೇಕಾಯಿತು. ಹೊರಬರುವ ನಿರ್ಧಾರವನ್ನು ಒಂದೇ ದಿನದಲ್ಲಿ ಮಾಡಬಹುದು. ಆದರೆ ನಲವತ್ತೇಳು ವರ್ಷ ಹೆಣೆದ ಬಲೆಯ ಗಂಟುಗಳನ್ನು ಒಂದೊಂದಾಗಿಯೇ ಬಿಡಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯು ಇಂಥ ಅನುಭವವನ್ನು ಎರಡು ಸಲ ಪಡೆದಿದೆ. 1862ರಲ್ಲಿ ಅದು ಮದರಾಸು ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತವನ್ನು ಸೇರಿತು. 1956ರಲ್ಲಿ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಪ್ರಾಂತವು ದೇಶವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ನಾಣ್ಯ, ಅಂಚೆ, ರೈಲು, ಸುಂಕ ಇವು ಪ್ರಾಂತ ಬದಲಾದಾಗ ಬದಲಾಗಲಿಲ್ಲ. ಆದುದರಿಂದ ಬ್ರಿಟನ್ನಿಗೆ ಆದುದೇ ಕಾರವಾರಕ್ಕೂ ಆಯಿತೆಂದು ಹೇಳುವುದು ಸರಿಯಾಗದು. ಆದರೂ ರಸ್ತೆ ಯಾವ ದಿಕ್ಕಿಗೆ ಸಾಗಬೇಕು, ಧಕ್ಕೆಗೆ ಹಣ ಯಾರು ಕೊಡಬೇಕು, ಹುಡುಗರು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ನದಿಯ ನೀರನ್ನು ಯಾರು ಕಟ್ಟಬೇಕು ಎಂಬುವೆಲ್ಲ ರಾಜಧಾನಿಯಲ್ಲಿ ನಿರ್ಧಾರವಾಗುವ ಮಾತುಗಳು. ರಾಜಧಾನಿ ಬದಲಾದರೆ ಅವೂ ಬದಲಾಗುತ್ತವೆ.

ಮೊದಲಿನ ಬದಲಾವಣೆಗೆ ಕಾರಣ ಹತ್ತಿ. ಕೇಳಿದವರಿಗೆ ಆಶ್ಚರ್ಯವಾಗಬಹುದು, ಏಕೆಂದರೆ ಕಾರವಾರ, ಅಂಕೋಲೆಗಳ ಕೆಂಪು ಮಣ್ಣಿನಲ್ಲಿ ಭತ್ತ ಮತ್ತು ತೆಂಗು ಬೆಳೆಯುತ್ತವೆಯೇ ಹೊರತು ಹತ್ತಿಯಲ್ಲ. ಹತ್ತಿ ಬೆಳೆಯುವುದು ಘಟ್ಟದ ಮೇಲಿನ ಧಾರವಾಡದ ಎರೆಭೂಮಿಯಲ್ಲಿ. ಅದು ಹೇರೆತ್ತುಗಳ ಬೆನ್ನಮೇಲೆ ಮತ್ತು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು, ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ಮತ್ತು ಇಂಗ್ಲೆಂಡಿನ ಪೇಟೆಗಳಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಬೆಳೆದ ಹೊಲದ ಹೆಸರು ಅಳಿದು ಹಡಗು ಹತ್ತಿದ ಬಂದರಿನ ಹೆಸರು ಉಳಿದ ಈ ಸಂಗತಿಯು ಬಂದರಿನ ಮಹತ್ವವನ್ನು ಚೆನ್ನಾಗಿ ಹೇಳುತ್ತದೆ.

ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಪಾಲು ಅಮೇರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. 1861ರಲ್ಲಿ ಆ ದಕ್ಷಿಣ ಸಂಸ್ಥಾನಗಳು ತಮ್ಮ ಒಕ್ಕೂಟವನ್ನು ಬಿಟ್ಟು ಹೊರಬಂದವು, ಯುದ್ಧ ಹೊತ್ತಿಕೊಂಡಿತು, ಉತ್ತರದವರ ನೌಕೆಗಳು ದಕ್ಷಿಣದ ಬಂದರುಗಳನ್ನು ಮುತ್ತಿದವು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಧಾರವಾಡದ ಕಡೆ ಕಣ್ಣು ತಿರುಗಿಸಿದರು. ಕಡಲಾಚೆಯ ಒಂದು ಒಕ್ಕೂಟ ಒಡೆದುದರ ಫಲವಾಗಿ ಕಾಳಿ ನದಿಯ ಮುಖದಲ್ಲಿದ್ದ ಸಣ್ಣ ಹಳ್ಳಿಗಳ ಭಾಗ್ಯವು ಅಲುಗಾಡತೊಡಗಿತು.

ಆದರೆ ಅಡ್ಡಿಯೊಂದಿತ್ತು. ಹತ್ತಿ ಬೆಳೆಯುವ ಧಾರವಾಡವು ಮುಂಬಯಿ ಪ್ರಾಂತದಲ್ಲಿತ್ತು. ಹತ್ತಿಯನ್ನು ಹಡಗಿಗೆ ಏರಿಸಬೇಕಾದ ಕಡಲತೀರವು ಮದರಾಸು ಪ್ರಾಂತದಲ್ಲಿತ್ತು. ಘಟ್ಟದ ತುದಿಯವರೆಗಿನ ರಸ್ತೆಯನ್ನು ಒಂದು ಸರಕಾರ ಮಾಡಬೇಕು, ಅಲ್ಲಿಂದ ಕೆಳಗಿನ ರಸ್ತೆಯನ್ನು ಇನ್ನೊಂದು ಸರಕಾರ ಮಾಡಬೇಕು. ಕನ್ನಡ ಜಿಲ್ಲೆಯ ಈ ತುದಿಯು ಮದರಾಸಿಗೆ ಬಹು ದೂರ; ಅಲ್ಲಿನ ಅಧಿಕಾರಿಗಳಿಗೆ ಧಾರವಾಡದ ಹತ್ತಿಯಿಂದ ಆಗಬೇಕಾದ ಲಾಭವೇನೂ ಇರಲಿಲ್ಲ. ರಸ್ತೆಯ ಕೆಲಸವು ನಿಧಾನವಾಗಿ ಸಾಗಿತು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಅರಳೆಯನ್ನು ಒತ್ತಿ ಬಿಗಿಯುವ ಯಂತ್ರಗಳನ್ನು ಸದಾಶಿವಗಡದ ತೀರಕ್ಕೆ ಕಳುಹಿಸಿತು. ಯಂತ್ರಗಳು ಬಂದರೂ ಅವುಗಳನ್ನು ಹತ್ತಿಯ ಸೀಮೆಗೆ ಮುಟ್ಟಿಸಲು ಬೇಕಾದ ರಸ್ತೆಯು ಸಿದ್ಧವಾಗಿರಲಿಲ್ಲ. ಯಂತ್ರಜ್ಞಾನವೆಂಬುದು ಯಂತ್ರದಲ್ಲಿ ಮಾತ್ರ ಇರುವುದಿಲ್ಲ, ಅದನ್ನು ಸಾಗಿಸುವ ದಾರಿಯಲ್ಲಿಯೂ ಇರುತ್ತದೆ ಎಂಬುದನ್ನು ಕಂಪನಿಯವರು ಹಣ ಕಳೆದುಕೊಂಡು ಕಲಿತರು.

ಗಿರಣಿ ಮಾಲೀಕರ ಒತ್ತಾಯಕ್ಕೆ ಮಣಿದು ಸರಕಾರವು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿತು. ಕುಂದಾಪುರ ತಾಲ್ಲೂಕು ಮಾತ್ರ ಮದರಾಸಿನಲ್ಲಿಯೇ ಉಳಿದು ದಕ್ಷಿಣ ಕನ್ನಡಕ್ಕೆ ಸೇರಿತು. ಒಂದೇ ಭಾಷೆ, ಒಂದೇ ಆಚಾರ, ಒಂದೇ ಕಡಲಿನ ಜನರ ನಡುವೆ ಹೀಗೆ ಬಿದ್ದ ಗೆರೆಯು ತೊಂಬತ್ತನಾಲ್ಕು ವರ್ಷ ಉಳಿಯಿತು. ಜನರನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಆಗ ಇರಲಿಲ್ಲ.

ಜಿಲ್ಲೆಯ ಮುಖ್ಯ ಸ್ಥಳವು ಹೊನ್ನಾವರದಿಂದ ಕಾರವಾರಕ್ಕೆ ಬಂದಿತು. ಕಚೇರಿಗಳು ಎದ್ದವು, ಘಟ್ಟದ ರಸ್ತೆಗಳ ಕೆಲಸಕ್ಕೆ ಚುರುಕು ಬಂದಿತು, 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವು ಬೆಳಗಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಹಾಕಬೇಕೆಂಬ ಮಾತೂ ಕೇಳಿಬಂದಿತು. ಒಂದು ಪ್ರಾಂತವನ್ನು ಬಿಟ್ಟು ಇನ್ನೊಂದನ್ನು ಸೇರಿದುದರಿಂದ ಉಂಟಾದ ಲಾಭವು ಕಣ್ಣಿಗೆ ಕಾಣುವಂತಿತ್ತು. ಅಷ್ಟರಲ್ಲಿ 1865 ಬಂದಿತು. ಅಮೇರಿಕದ ಯುದ್ಧ ಮುಗಿಯಿತು. ಅಲ್ಲಿನ ಹತ್ತಿ ಮತ್ತೆ ಇಂಗ್ಲೆಂಡಿನ ದಾರಿ ಹಿಡಿಯಿತು. ಮುಂಬಯಿಯ ಪೇಟೆಯಲ್ಲಿ ಹತ್ತಿಯ ಬೆಲೆ ಕುಸಿದು ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ಕಾರವಾರದ ರೈಲಿನ ಮಾತು ಮಾತಾಗಿಯೇ ಉಳಿಯಿತು.

ಆ ರೈಲು ಬರಲೇ ಇಲ್ಲವೆಂದಲ್ಲ. ಬಂದಿತು, ಆದರೆ ಬೇರೆಯವರ ಮನೆಗೆ ಹೋಯಿತು. ಕಾರವಾರದ ಉತ್ತರಕ್ಕೆ ಕೆಲವೇ ಹರಿದಾರಿಗಳ ಆಚೆ ಗೋವೆಯಿದೆ. ಅದು ಪೋರ್ಚುಗೀಸರ ಆಳಿಕೆಯಲ್ಲಿತ್ತು. 1878ರಲ್ಲಿ ಇಂಗ್ಲೆಂಡು ಮತ್ತು ಪೋರ್ಚುಗಲ್ಲುಗಳ ನಡುವೆ ಒಂದು ಒಪ್ಪಂದವಾಗಿ, 1880ರಿಂದ ಗೋವೆ ಮತ್ತು ಬ್ರಿಟಿಷ್ ಹಿಂದೂಸ್ಥಾನಗಳ ನಡುವಿನ ಸುಂಕದ ಗೋಡೆಯನ್ನು ತೆಗೆದುಹಾಕಲಾಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸುಂಕದ ಒಕ್ಕೂಟ. ಅದರ ಜೊತೆಗೆ ಮುರಗಾವಿ ಬಂದರಿನಿಂದ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುದಾರಿಯ ಯೋಜನೆಯೂ ಸೇರಿತ್ತು. 1888ರ ಹೊತ್ತಿಗೆ ಧಾರವಾಡದ ಹತ್ತಿಯು ಉಗಿಬಂಡಿಯಲ್ಲಿ ಕುಳಿತು ಮುರಗಾವಿಗೆ ಇಳಿಯತೊಡಗಿತು. ಆ ದಾರಿಯು ಕ್ಯಾಸಲ್ ರಾಕ್ ಎಂಬಲ್ಲಿ ಘಟ್ಟ ಇಳಿಯುತ್ತದೆ. ಕ್ಯಾಸಲ್ ರಾಕ್ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ! ಜಿಲ್ಲೆಗೆ ಬಂದ ಮೊದಲ ರೈಲು ಜಿಲ್ಲೆಯ ಬಂದರುಗಳ ಸರಕನ್ನು ಕಸಿದುಕೊಂಡು ಹೋಯಿತು. ಕುಮಟೆಯ ಪೇಟೆ ಬಾಡಿತು. ಕಾರವಾರಕ್ಕೆ ಬಂದ ಬಂಡಿಗಳ ಸಾಲು ತೆಳ್ಳಗಾಯಿತು. 1892ರಲ್ಲಿ ಆ ಸುಂಕದ ಒಪ್ಪಂದವು ಮುರಿದುಬಿದ್ದು ಗಡಿಯ ಮೇಲೆ ಚೌಕಿಗಳು ಮರಳಿದವು. ಆದರೆ ಹಾಕಿದ ಕಂಬಿಗಳನ್ನು ಯಾರೂ ಕೀಳಲಿಲ್ಲ. ವ್ಯಾಪಾರವೂ ಹಳೆಯ ದಾರಿಗೆ ಮರಳಲಿಲ್ಲ. ಒಪ್ಪಂದಗಳಿಗಿಂತ ಕಬ್ಬಿಣಕ್ಕೆ ಆಯುಷ್ಯ ಹೆಚ್ಚು.

ಮುಂಬಯಿ ಪ್ರಾಂತದಲ್ಲಿ ಕಳೆದ ಆ ತೊಂಬತ್ತನಾಲ್ಕು ವರ್ಷಗಳು ವ್ಯರ್ಥವಾದುವೆಂದು ಭಾವಿಸಬಾರದು. ಕರಾವಳಿಯ ಜನರಿಗೆ ಮುಂಬಯಿ ದೂರದ ಊರಾಗಿರಲಿಲ್ಲ. ಆಗಬೋಟಿಯನ್ನು ಹತ್ತಿದರೆ ಮುಂಬಯಿ. ಅಲ್ಲಿ ಗಿರಣಿಯಿತ್ತು, ಗೋದಿಯಿತ್ತು, ಹೋಟೆಲಿತ್ತು, ಕಾಲೇಜಿತ್ತು. ಮನೆಗೊಬ್ಬರಾದರೂ ಮುಂಬಯಿಯಿಂದ ಮನಿಯಾರ್ಡರು ಕಳುಹಿಸುವವರಿರುತ್ತಿದ್ದರು. ಆ ಪ್ರಾಂತದ ಆಡಳಿತ ಸೇವೆಯಲ್ಲಿದ್ದ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ತಮ್ಮ ರವೀಂದ್ರನಾಥರು ಇಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಇಂದಿಗೂ ಕಾರವಾರದ ಕಡಲದಂಡೆಗೆ ಕವಿಯ ಹೆಸರಿದೆ. ಅಂಕೋಲೆ ತಾಲ್ಲೂಕಿನವರಾದ ದಿನಕರ ದೇಸಾಯಿಯವರನ್ನು ನಾವು ಚುಟುಕಗಳ ಕವಿಯೆಂದು ಅರಿತಿದ್ದೇವೆ. ಅವರು ಮುಂಬಯಿಯಲ್ಲಿದ್ದು ಹಡಗಿನ ಕೆಲಸಗಾರರ ಸಂಘಟನೆಗಾಗಿ ದುಡಿದವರೂ ಹೌದು. ಮುಂಬಯಿಯಲ್ಲಿ ಕಲಿತ ಸಂಘಟನೆಯ ಶಕ್ತಿಯನ್ನು ಅವರು ತಮ್ಮ ಜಿಲ್ಲೆಗೆ ತಂದರು. 1953ರಲ್ಲಿ ಸ್ಥಾಪನೆಯಾದ ಕೆನರಾ ವೆಲ್‌ಫೇರ್ ಟ್ರಸ್ಟು ಜಿಲ್ಲೆಯ ಊರೂರುಗಳಲ್ಲಿ ಶಾಲೆಗಳನ್ನು ತೆರೆಯಿತು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು.

ಅದೇ ಅಂಕೋಲೆಯು 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಕಣವಾಯಿತು. ಮುಂದೆ ಕರನಿರಾಕರಣೆಯಲ್ಲಿ ರೈತರು ಹೊಲ ಮನೆಗಳನ್ನು ಕಳೆದುಕೊಂಡರು. ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದಿತು. ಗುಜರಾತಿನ ಬಾರ್ಡೋಲಿಯೂ ಅಂಕೋಲೆಯೂ ಆಗ ಒಂದೇ ಪ್ರಾಂತದ ಊರುಗಳಾಗಿದ್ದವು ಎಂಬುದನ್ನು ನೆನೆದರೆ, ಒಂದು ಕೂಟದೊಳಗೆ ಸರಕಿನಂತೆಯೇ ವಿಚಾರಗಳೂ ಸಾಗುತ್ತವೆಂಬುದು ತಿಳಿಯುತ್ತದೆ.

ಆದರೂ ಕನ್ನಡಿಗರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ದುಃಖವು ನಿಜವಾದುದು. ಮುಂಬಯಿಯಂಥ ವಿಶಾಲ ಪ್ರಾಂತದಲ್ಲಿ ಕನ್ನಡದ ನಾಲ್ಕು ಜಿಲ್ಲೆಗಳು ಒಂದು ಮೂಲೆಯಾಗಿದ್ದವು. ಕಚೇರಿಯ ಮೇಲಿನ ಹಂತಗಳಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಾಲದಿಂದ ಮೊಳೆತ ಆಸೆಯು ಆಲೂರು ವೆಂಕಟರಾಯರಂಥವರ ದುಡಿಮೆಯಿಂದ ಬೆಳೆದು, ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ತರುವಾಯ, 1956ರ ನವೆಂಬರ್ 1ರಂದು ಕೈಗೂಡಿತು. ಬೆಳಗಾವಿಯ ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಮುಂಬಯಿ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1973ರ ನವೆಂಬರ್ 1ರಿಂದ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು.

ನವೆಂಬರ್ 2ರ ಬೆಳಗಿನಲ್ಲಿ ಕಾರವಾರದಲ್ಲಿ ಏನು ಬದಲಾಗಿತ್ತು? ಕಣ್ಣಿಗೆ ಕಾಣುವಂಥದು ಹೆಚ್ಚೇನಿಲ್ಲ. ಪುನರ್ವಿಂಗಡಣೆಯ ಕಾಯಿದೆಯ ಪ್ರಕಾರ ಹಳೆಯ ಪ್ರಾಂತದ ಕಾಯಿದೆಗಳು, ಹೊಸ ಸರಕಾರವು ಬದಲಿಸುವವರೆಗೆ, ಆಯಾ ಪ್ರದೇಶದಲ್ಲಿ ಮುಂದುವರಿಯಬೇಕಾಗಿತ್ತು. ಹೀಗಾಗಿ ಬಹುಕಾಲ ಕಾರವಾರದಲ್ಲಿ ಮುಂಬಯಿಯ ಕಾಯಿದೆ, ಮಂಗಳೂರಿನಲ್ಲಿ ಮದರಾಸಿನ ಕಾಯಿದೆ, ಬೆಂಗಳೂರಿನಲ್ಲಿ ಮೈಸೂರಿನ ಕಾಯಿದೆ ನಡೆದವು. ಮಾಮಲೇದಾರರು ತಹಸೀಲ್ದಾರರಾದರು, ಕಲೆಕ್ಟರರು ಡೆಪ್ಯುಟಿ ಕಮಿಷನರರಾದರು, ಪ್ರಾಂತ ಸಾಹೇಬರು ಅಸಿಸ್ಟೆಂಟ್ ಕಮಿಷನರರಾದರು. ಕಾಗದದ ಮೇಲೆ ಹೀಗೆ ಹೆಸರುಗಳು ಬದಲಾದರೂ ಹಳ್ಳಿಯ ಮುದುಕರ ಬಾಯಲ್ಲಿ ತಲಾಠಿ ತಲಾಠಿಯಾಗಿಯೇ ಉಳಿದ. ನಾನು ಚಿಕ್ಕವನಿದ್ದಾಗ ನಮ್ಮ ಹಿರಿಯರು ಯಾರ ಓದಿನ ಬಗ್ಗೆ ಮಾತಾಡಿದರೂ, "ಅವನದು ಮುಲ್ಕಿ ಆಗಿದೆ" ಎನ್ನುತ್ತಿದ್ದರು. ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಮುಲ್ಕಿ ಪರೀಕ್ಷೆಯು ಮುಂಬಯಿ ಕಾಲದ್ದು. ಅದು ಏನೆಂದು ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ಒಬ್ಬ ಅಧಿಕಾರಿಗೆ ನನ್ನ ತಂದೆಯವರು ಅರ್ಧ ಗಂಟೆ ವಿವರಿಸಿದುದನ್ನು ಕೇಳಿದ್ದೇನೆ.

ಒಂದು ವಿಷಯದಲ್ಲಿ ಜಿಲ್ಲೆಯು ಅದೃಷ್ಟಶಾಲಿಯಾಗಿತ್ತು. ಬ್ರಿಟನ್ನಿನಂತೆ ಅದು ವಿದ್ಯೆಯ ಆಸರೆಯನ್ನು ಕಳೆದುಕೊಂಡು ಹೊರಬರಲಿಲ್ಲ. 1949ರಲ್ಲಿಯೇ, ಮುಂಬಯಿಯ ಶಾಸನಸಭೆಯು ಮಾಡಿದ ಕಾಯಿದೆಯಿಂದಲೇ, ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾಗಿ ಧಾರವಾಡಕ್ಕೆ ಬಂದಿತ್ತು. ಬಿಟ್ಟುಹೋಗಬೇಕಾದವರಿಗೆ ಮನೆಯ ಹಿರಿಯರೇ ಮುಂಚಿತವಾಗಿ ಪಾತ್ರೆ ಪಡಗ ಕೊಟ್ಟಂತಾಯಿತು. ಇದಕ್ಕಾಗಿ ಮುಂಬಯಿ ರಾಜ್ಯವನ್ನು ಕೃತಜ್ಞತೆಯಿಂದ ನೆನೆಯುವವರು ಕಡಿಮೆ, ನೆನೆಯುವುದು ನ್ಯಾಯ.

ಹೊಸ ರಾಜ್ಯದಿಂದ ಆದ ಲಾಭವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡುಬಂದುದು ನದಿಗಳಲ್ಲಿ. ಶರಾವತಿಯನ್ನು ತೆಗೆದುಕೊಳ್ಳಿರಿ. 1956ಕ್ಕಿಂತ ಮುಂಚೆ ಅದರ ಮೇಲ್ಭಾಗವು ಮೈಸೂರಿನಲ್ಲಿದ್ದು, ಜೋಗದಲ್ಲಿ ಧುಮುಕಿದ ನೀರು ಮುಂಬಯಿ ಪ್ರಾಂತದೊಳಗೆ ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತಿತ್ತು. ನೀರು ಒಬ್ಬರದು, ಇಳಿಜಾರು ಇಬ್ಬರದು. ಮೈಸೂರಿನ ಇಂಜಿನಿಯರರು 1948ರಲ್ಲಿ ಜೋಗದ ವಿದ್ಯುದಾಗಾರವನ್ನು ಕಟ್ಟಿದ್ದರೂ, ಇಡೀ ಕಣಿವೆಯನ್ನು ಒಂದೇ ಯೋಜನೆಯಾಗಿ ನೋಡುವುದು ಗಡಿ ಅಳಿದ ಮೇಲೆ ಸುಲಭವಾಯಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. 1902ರಷ್ಟು ಹಿಂದೆಯೇ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ತಯಾರಿಸಿದ ಮೈಸೂರಿನ ಅನುಭವವೂ, ಮಳೆ ಸುರಿಯುವ ಉತ್ತರ ಕನ್ನಡದ ಕಣಿವೆಗಳೂ ಒಂದೇ ರಾಜ್ಯದಲ್ಲಿ ಕೂಡಿದುವು. ಈ ಕೂಟದ ಇನ್ನೊಂದು ಫಲವೇ ಕಾಳಿ ಯೋಜನೆ. ಸೂಪಾದಲ್ಲಿ 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು, ನಾಗಝರಿಯಲ್ಲಿ ವಿದ್ಯುದಾಗಾರವಾಯಿತು, 1990ರ ದಶಕದ ಕೊನೆಗೆ ಕೊಡಸಳ್ಳಿ ಮತ್ತು ಕದ್ರಾಗಳ ಆಣೆಗಳೂ ಬಂದುವು. ಅದೇ ಕಾಳಿಯ ದಡದ ಕೈಗಾದಲ್ಲಿ, ಕೇಂದ್ರ ಸರಕಾರದ ಸಂಸ್ಥೆಯು ಕಟ್ಟಿದ ಅಣುವಿದ್ಯುತ್ ಕೇಂದ್ರವು 2000ದಿಂದ ವಿದ್ಯುತ್ತನ್ನು ಕೊಡತೊಡಗಿತು. ಇಂದು ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯನ್ನು ಮಾಡಿತು.

ಈ ಬೆಳಕಿಗೆ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ಸೂಪಾ ಎಂಬ ಊರೇ ನೀರಿನಡಿಯಲ್ಲಿ ಮುಳುಗಿತು; ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಕಾರವಾರ, ಅಂಕೋಲೆಗಳ ನಡುವಿನ ಕರಾವಳಿಯಲ್ಲಿ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಅರ್ಗಾದಿಂದ ಹಾರವಾಡದವರೆಗಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ದಂಡೆಗಳನ್ನು ಬಿಟ್ಟು ಹೋದುವು. 2005ರ ಮೇ ತಿಂಗಳಲ್ಲಿ ಅಲ್ಲಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವವು ಇಂದು ಅದೇ ನೆಲೆಯ ಅಲೆತಡೆಗೋಡೆಗೆ ಸೇರಿಕೊಂಡಿದೆ. ಪರಿಹಾರದ ಹಣಕ್ಕಾಗಿ ನಿರ್ವಾಸಿತರು ದಶಕಗಳ ಕಾಲ ನ್ಯಾಯಾಲಯಗಳನ್ನು ಹತ್ತಿ ಇಳಿದರು.

ಇನ್ನು ಬಂದರಿನ ಮಾತು. ಹಳೆಯ ಮೈಸೂರು ಕಡಲಿಲ್ಲದ ರಾಜ್ಯ. 1956ರಲ್ಲಿ ಅದಕ್ಕೆ ಒಮ್ಮೆಲೇ ಕಾರವಾರ, ಮಂಗಳೂರು ಎರಡೂ ದೊರೆತವು. ಎರಡು ಬಾಗಿಲಿರುವ ಮನೆಯವರು ಒಂದನ್ನೇ ಹೆಚ್ಚಾಗಿ ಬಳಸುತ್ತಾರೆ. ಬೆಂಗಳೂರಿಗೆ ಹತ್ತಿರವಾದುದು ಮಂಗಳೂರು. ಅಲ್ಲಿನ ಹೊಸ ಬಂದರನ್ನು 1974ರಲ್ಲಿ ಕೇಂದ್ರ ಸರಕಾರವು ದೊಡ್ಡ ಬಂದರೆಂದು ಸಾರಿತು. 1975ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. ಕಡಲನ್ನು ತೋಡಿ ಬಂದರನ್ನು ಮಾಡಬೇಕಾದ ಮಂಗಳೂರು ದೊಡ್ಡದಾಯಿತು. ನಿಸರ್ಗವೇ ಮಾಡಿಕೊಟ್ಟ ಕಾರವಾರವು ರಾಜ್ಯ ಸರಕಾರದ ಸಣ್ಣ ಬಂದರಾಗಿ ಉಳಿಯಿತು. ಇದನ್ನು ಹೊಸ ರಾಜ್ಯದ ಅನ್ಯಾಯವೆಂದು ಹೇಳುವವರು ಕಾರವಾರದಲ್ಲಿ ಇಂದಿಗೂ ಇದ್ದಾರೆ. ನನ್ನ ಮಟ್ಟಿಗೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಂಬಯಿಯ ಕೈಯಲ್ಲಿಯೇ ಉಳಿದಿದ್ದರೂ ಕಾರವಾರವು ಮುಂಬಯಿಗೆ ಎದುರಾಳಿಯಾಗಿ ಬೆಳೆಯಲು ಆ ಮಹಾನಗರವು ಬಿಡುತ್ತಿತ್ತೇ? ಅದರ ಕೈಯಲ್ಲಿದ್ದ ತೊಂಬತ್ತನಾಲ್ಕು ವರ್ಷಗಳಲ್ಲಿ ಬಿಟ್ಟಿರಲಿಲ್ಲ.

ನಷ್ಟವು ಬೇರೆ ಕಡೆಯಿತ್ತು. ಕರಾವಳಿಯ ಆಗಬೋಟಿಗಳು ಕಾಲಕ್ರಮದಲ್ಲಿ ನಿಂತುಹೋದವು. ರಾಜಧಾನಿಯು ಕಡಲಿನ ದಾರಿಯಿಂದ ಘಟ್ಟದ ದಾರಿಗೆ, ಐನೂರು ಕಿಲೋಮೀಟರುಗಳಿಗೂ ದೂರದ ಬೆಂಗಳೂರಿಗೆ ಹೋಯಿತು. ಕೆಲಸ ಹುಡುಕುವ ಹುಡುಗರು ಮೊದಲು ಮುಂಬಯಿಯನ್ನೇ ಹಿಡಿದರು. 1961ರಲ್ಲಿ ಗೋವೆ ಬಿಡುಗಡೆಯಾದ ಮೇಲೆ ಮಾಜಾಳಿಯ ಗಡಿ ದಾಟಿ ಅಲ್ಲಿಗೆ ಹೋಗತೊಡಗಿದರು. ಇಂದಿಗೂ ದೊಡ್ಡ ಕಾಯಿಲೆ ಬಂದರೆ ಕಾರವಾರದವರು ಗೋವೆಗೋ, ಹುಬ್ಬಳ್ಳಿಗೋ, ಮಣಿಪಾಲಕ್ಕೋ ಓಡುತ್ತಾರೆ. ಇತ್ತ ಮಹಾರಾಷ್ಟ್ರವು ಬೆಳಗಾವಿಯ ಜೊತೆಗೆ ಕಾರವಾರದ ಮೇಲೂ ಹಕ್ಕು ಸಾಧಿಸಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ಕೊಟ್ಟ ವರದಿಯನ್ನು ಆ ರಾಜ್ಯವು ಒಪ್ಪದೆ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಕೊಂಕಣಿಯನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವ ಈ ತೀರದ ಜನರು ಇಂಥ ವಾದಗಳನ್ನು ಕೇಳಿ, ಬಲೆ ಹೆಣೆಯುತ್ತ ಕುಳಿತುಕೊಳ್ಳುತ್ತಾರೆ.

ಹೊಸ ಶತಮಾನದ ಮೊದಲ ದಶಕದಲ್ಲಿ ಬಂದರುಗಳಿಗೆ ಒಮ್ಮೆಲೇ ಉಬ್ಬರ ಬಂದಿತು. ಈ ಸಲ ಘಟ್ಟವಿಳಿದು ಬಂದದ್ದು ಹತ್ತಿಯಲ್ಲ, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು. ಚೀನಕ್ಕೆ ಹೋಗುವ ಅದಿರನ್ನು ಹೊತ್ತ ಲಾರಿಗಳು ಅರಬೈಲ್ ಘಟ್ಟದ ರಸ್ತೆಯನ್ನು ಕೆಂಪು ಮಾಡಿದವು. ಅಂಕೋಲೆ ತಾಲ್ಲೂಕಿನ ಬೇಲೆಕೇರಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು 2010ರಲ್ಲಿ. ಅಧಿಕಾರಿಗಳು ವಶಪಡಿಸಿಕೊಂಡು ಇಟ್ಟಿದ್ದ ಲಕ್ಷಾಂತರ ಟನ್ ಅದಿರು ಬಂದರಿನಿಂದಲೇ ಹಡಗು ಹತ್ತಿ ಹೋಗಿತ್ತು. ಆ ವರ್ಷದ ಜುಲೈ ತಿಂಗಳಲ್ಲಿ ರಾಜ್ಯ ಸರಕಾರವು ತನ್ನ ಸಣ್ಣ ಬಂದರುಗಳಿಂದ ಅದಿರಿನ ರಫ್ತನ್ನು ನಿಲ್ಲಿಸಿತು. 1865ರಲ್ಲಿ ಹತ್ತಿಗೆ ಆದಂತೆಯೇ ಇಳಿತವೂ ಹಠಾತ್ತಾಗಿ ಬಂದಿತು. 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರನ್ನು ವಿಸ್ತರಿಸುವ ಕೆಲಸಕ್ಕೆ ಕೈಹಾಕಿದಾಗ ಮೀನುಗಾರರು ತಮಗೆ ಉಳಿದಿರುವ ಒಂದೇ ದಂಡೆಯೂ ಹೋದೀತೆಂದು ಬೀದಿಗೆ ಇಳಿದರು. ನೌಕಾನೆಲೆಯನ್ನು ಕಂಡವರಿಗೆ ಆ ಭಯವು ಅಕಾರಣವೆಂದು ತೋರಲಾರದು.

ನಾನು ಬಾಲಕನಾಗಿದ್ದಾಗ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗಬೇಕಾದರೆ ಕಾಳಿಯನ್ನು ತಾರಿಯಲ್ಲಿ ದಾಟಬೇಕಿತ್ತು. ಬಸ್ಸಿನವರು ಈಚೆ ಇಳಿಸುತ್ತಿದ್ದರು; ಗಾಳಿ ಎದ್ದರೆ ಕಾಯಬೇಕು; ಮದುವೆಯ ದಿಬ್ಬಣವಾದರೂ ಕಾಯಬೇಕು. 1983ರಲ್ಲಿ ಸೇತುವೆಯಾದಾಗ ನದಿಯ ಎರಡೂ ದಡದವರು ಅದರ ಮೇಲೆ ಸುಮ್ಮನೆ ಅತ್ತಿಂದಿತ್ತ ನಡೆದಾಡಿದರು. ಆ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕುಸಿದು ನದಿಗೆ ಬಿದ್ದಿತು. ಅದರ ಪಕ್ಕದಲ್ಲಿ ಕಟ್ಟಿದ್ದ ಹೊಸ ಸೇತುವೆಯಿಂದಾಗಿ ಸಂಚಾರವು ಪೂರ್ತಿಯಾಗಿ ಕಡಿದುಹೋಗಲಿಲ್ಲ.

ರೈಲು ಕಾರವಾರಕ್ಕೆ ಬಂದುದು ಕೊಂಕಣ ರೈಲುಮಾರ್ಗದ ಮೂಲಕ. 1998ರ ಜನವರಿ 26ರಂದು ಆ ಮಾರ್ಗವು ಪೂರ್ತಿಯಾಗಿ ತೆರೆಯಿತು. ಅದು ಕಡಲಿಗೆ ಸಮಾನಾಂತರವಾಗಿ ಓಡುತ್ತದೆ. ಆಗಬೋಟಿ ನಿಂತ ಮೇಲೆ ಕಡಿದುಹೋಗಿದ್ದ ಮುಂಬಯಿಯ ನಂಟನ್ನು ಕಾರವಾರ, ಅಂಕೋಲೆಗಳಿಗೆ ಮರಳಿ ಕೊಟ್ಟಿತು. ವಿಚಿತ್ರವೆಂದರೆ, ಮುಂಬಯಿಯನ್ನು ಬಿಟ್ಟು ನಲವತ್ತೊಂದು ವರ್ಷವಾದ ಮೇಲೆ ಬಂದ ರೈಲು ಜೋಡಿಸಿದುದು ಮುಂಬಯಿಯನ್ನೇ. ಅದಕ್ಕೆ ಕಾರಣವೂ ಸರಳವಾಗಿದೆ. ರೈಲು ಕೇಂದ್ರದ ಸ್ವತ್ತು; ನಾಲ್ಕು ರಾಜ್ಯಗಳು ಕೇಂದ್ರದೊಡನೆ ಕೈಜೋಡಿಸಿದುದರಿಂದ ಆ ಮಾರ್ಗವಾಯಿತು. ಪ್ರಾಂತಗಳು ಬೇರೆಯಾದರೂ ಮೇಲಿನ ಒಕ್ಕೂಟವು ಉಳಿದಿದ್ದುದರಿಂದ ಒಡೆದ ದಾರಿಯನ್ನು ಹೀಗೆ ಮತ್ತೆ ಕೂಡಿಸಲು ಸಾಧ್ಯವಾಯಿತು. ಬ್ರಿಟನ್ನಿಗೆ ಇಂಥ ಮೇಲಿನ ಆಸರೆಯಿರಲಿಲ್ಲ.

ಕಡಲಿನಿಂದ ಘಟ್ಟದ ಮೇಲಕ್ಕೆ, ಹತ್ತಿಯ ಸೀಮೆಗೆ ಹೋಗುವ ದಾರಿ ಮಾತ್ರ ಇನ್ನೂ ಆಗಿಲ್ಲ. ಹುಬ್ಬಳ್ಳಿ–ಅಂಕೋಲೆ ರೈಲಿಗೆ 1990ರ ದಶಕದ ಉತ್ತರಾರ್ಧದಲ್ಲಿ ಮಂಜೂರಾತಿ ದೊರೆಯಿತು. ದಾರಿಯು ದಟ್ಟವಾದ ಕಾಡನ್ನು ಸೀಳಿಕೊಂಡು ಹೋಗಬೇಕಾದುದರಿಂದ ಕಾಡಿನ ಹಿತಚಿಂತಕರು ವಿರೋಧಿಸಿದರು. ವಿಷಯವು ನ್ಯಾಯಾಲಯಗಳಲ್ಲಿಯೂ ಸಮಿತಿಗಳಲ್ಲಿಯೂ ಸುತ್ತುತ್ತ ಬಂದಿದೆ. ಕಾಡು ಬೇಕೆನ್ನುವವರ ಮಾತಿನಲ್ಲಿಯೂ ನ್ಯಾಯವಿದೆ; ಘಟ್ಟದ ಮಳೆಕಾಡು ಒಮ್ಮೆ ಹೋದರೆ ಮರಳಿ ಬಾರದು. ರೈಲು ಬೇಕೆನ್ನುವವರು 1862ರಿಂದ ಕಾದವರ ಮೊಮ್ಮಕ್ಕಳ ಮಕ್ಕಳು. ಅಲ್ಲಿಯವರೆಗೆ ಹುಬ್ಬಳ್ಳಿಯ ಕಡೆಯ ಸರಕೆಲ್ಲ ಲಾರಿಗಳಲ್ಲಿ, ಯಲ್ಲಾಪುರವನ್ನು ದಾಟಿ, ಅರಬೈಲ್ ಘಟ್ಟದ ತಿರುವುಗಳಲ್ಲಿ ನಿಧಾನವಾಗಿ ಇಳಿದು ಅಂಕೋಲೆಯನ್ನು ಸೇರುತ್ತದೆ.